ಮನೆಯೊಳಗಿನ ಮೆಣಸಿನ ಗಿಡಕ್ಕೆ ಲೇಬಲ್ ಇಲ್ಲದ ಔಷಧ ಬೇಡವೇ ಬೇಡ

ಫ್ಲ್ಯಾಟ್ ಒಳಗೆ ಕುಂಡದಲ್ಲಿ ಮೆಣಸಿನ ಗಿಡ ಬೆಳೆಸುತ್ತಿರುವವರು, ಹೊಸದಾಗಿ ಶುರು ಮಾಡಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಎಲೆ ಮುದುಡಿದೆ ಅಂತ ಹೇಳಿದರೆ ಕೆಲವು ನರ್ಸರಿಗಳಲ್ಲಿ ದೊಡ್ಡ ಕ್ಯಾನಿನಿಂದ ಕುಡಿಯುವ ನೀರಿನ ಬಾಟಲಿಗೆ ಔಷಧ ಸುರಿದು ಕೊಡುತ್ತಾರೆ. ಹೆಸರೂ ಇರುವುದಿಲ್ಲ, ಲೇಬಲ್ಲೂ ಇರುವುದಿಲ್ಲ. ಅಂಥದ್ದನ್ನು ನಮ್ಮ ಹಾಲ್‌ನಲ್ಲಿ ಹೊಡೆದು ಹೋದ ದಿನವೇ ಸಂಜೆ ನಮ್ಮ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ನಾವಿರುವುದು ಬೆಂಗಳೂರಿನಲ್ಲಿ. ಬಾಲ್ಕನಿ ಉತ್ತರಕ್ಕಿದೆ, ಎದುರಿಗೇ ಇನ್ನೊಂದು ಕಟ್ಟಡ, ಬಿಸಿಲು ಬರುವುದಿಲ್ಲ. ಹಾಗಾಗಿ ಹಾಲ್‌ನ ಮೂಲೆಯಲ್ಲಿ ಎಲ್‌ಇಡಿ ದೀಪದ ಕೆಳಗೆ ಸೂಜಿ ಮೆಣಸಿನ ಗಿಡಗಳನ್ನು ಇಟ್ಟಿದ್ದೆವು. ಬೀಜ ಬಂದದ್ದು ತೀರ್ಥಹಳ್ಳಿ ಕಡೆಯ ಅತ್ತೆಯ ತವರಿನಿಂದ. ಮಳೆಗಾಲದಲ್ಲಿ ಗಿಡಗಳು ಚೆನ್ನಾಗಿಯೇ ಇದ್ದವು. ಚಳಿ ಶುರುವಾದ ಮೇಲೆ ಕುಡಿ ಎಲೆಗಳು ಸಣ್ಣಗಾಗಿ, ದಪ್ಪಗಾಗಿ, ಅಂಚು ಕೆಳಕ್ಕೆ ಮಡಚಿಕೊಂಡವು. ಹೂವು ಉದುರತೊಡಗಿತು. ದೀಪದ ಜೊತೆಗೆ ಬಂದದ್ದು ನೇರಳೆ ಬಣ್ಣದ ಬೆಳಕು. ಆ ಬೆಳಕಿನಲ್ಲಿ ಎಲೆ ಕಪ್ಪಗೆ ಕಾಣುತ್ತದೆ, ರೋಗ ಬಂದದ್ದು ಬೇಗ ಗೊತ್ತಾಗುವುದೇ ಇಲ್ಲ. ಹೊಸದಾಗಿ ಕೊಳ್ಳುವವರು ಬಿಳಿ ಬೆಳಕಿನದ್ದನ್ನೇ ತನ್ನಿ.

ನರ್ಸರಿಯಲ್ಲಿ ಫೋಟೊ ತೋರಿಸಿದೆವು. ಅವರು ಸರಿಯಾಗಿ ನೋಡಲೂ ಇಲ್ಲ. "ಮುಟುರು ರೋಗ ಮೇಡಂ, ಹುಡುಗನ್ನ ಕಳಿಸ್ತೀವಿ, ಹೊಡೆದು ಬರ್ತಾನೆ" ಅಂದರು. ಗಿಡ ಮನೆಯೊಳಗಿದೆ, ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂತ ನಾನು ಎರಡೆರಡು ಸಲ ಹೇಳಿದೆ. "ಆರ್ಗ್ಯಾನಿಕ್ಕು, ಏನೂ ಆಗಲ್ಲ" ಎಂಬ ಉತ್ತರ ಬಂತು.

ಮರುದಿನ ಬಂದ ಹುಡುಗನಿಗೆ ಹದಿನೆಂಟು ತುಂಬಿತ್ತೋ ಇಲ್ಲವೋ. ಕೈಗೆ ಗ್ಲೌಸ್ ಇಲ್ಲ, ಮೂಗಿಗೆ ಬಟ್ಟೆಯೂ ಇಲ್ಲ. ಬಾಟಲಿಯಿಂದ ಮುಚ್ಚಳದಲ್ಲಿ ಅಳೆದು ಸ್ಪ್ರೇ ಡಬ್ಬಿಗೆ ಹಾಕಿದ, ಬೆರಳಿಗೆ ಬಿದ್ದದ್ದನ್ನು ಪ್ಯಾಂಟಿಗೆ ಒರೆಸಿಕೊಂಡ. ಕುಂಡಗಳನ್ನು ಹೊರಗಿಡೋಣ ಅನ್ನುವಷ್ಟರಲ್ಲಿ ಹೊಡೆಯಲು ಶುರು ಮಾಡಿಯಾಗಿತ್ತು. ಕೊಳೆತ ಬೆಳ್ಳುಳ್ಳಿಯಂಥ ಘಾಟು ಹಾಲ್ ತುಂಬಿತು. ಮಂಡಿ ನೋವಿರುವ ಅತ್ತೆ ಪಕ್ಕದ ಸೋಫಾದಲ್ಲೇ ಕೂತಿದ್ದರು. "ಹೊಲಕ್ಕೇ ಹೊಡೀತಾರೆ ಆಂಟಿ, ಏನಾಗಲ್ಲ" ಅಂದು ಹೋದ.

ಸಂಜೆಗೆ ಅತ್ತೆಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ಕಣ್ಣು ಮಂಜಾಗುತ್ತಿದೆ ಅಂದರು. ಮೊದಲೇ ತೆಳ್ಳಗಿನ ಜೀವ, ನಮಗೆ ಕೈಕಾಲು ಆಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ "ಯಾವ ಔಷಧ?" ಅಂತ. ಉತ್ತರ ನಮ್ಮ ಹತ್ತಿರ ಇರಲಿಲ್ಲ. ನರ್ಸರಿಗೆ ಫೋನ್ ಮಾಡಿದರೆ ಮೊದಲು ಬೇವಿನ ಎಣ್ಣೆ ಅಂದರು. ಜೋರು ಮಾಡಿದ ಮೇಲೆ ಎರಡು ಔಷಧ ಸೇರಿಸಿದ್ದು ಅಂದರು, ಹೆಸರು ಮಾತ್ರ ಹೇಳಲಿಲ್ಲ. ಡಾಕ್ಟರ್ ಕಣ್ಣಿನ ಪಾಪೆ ನೋಡಿದರು, ಅದು ತುಂಬ ಚಿಕ್ಕದಾಗಿತ್ತು. ರಕ್ತ ಪರೀಕ್ಷೆಗೆ ಕಳಿಸಿದರು, ಆಟ್ರೊಪಿನ್ ಕೊಟ್ಟರು. ಆರ್ಗ್ಯಾನೊಫಾಸ್ಫೇಟ್ ಜಾತಿಯ ಕೀಟನಾಶಕಕ್ಕೆ ಕೊಡುವ ಮದ್ದು ಅದು. ಅತ್ತೆ ಹುಷಾರಾಗಿ ಮನೆಗೆ ಬಂದರು. ಆದರೆ ಹೆಸರು ಗೊತ್ತಿಲ್ಲದ ವಿಷಕ್ಕೆ ಲಕ್ಷಣ ನೋಡಿ ಊಹಿಸಿ ಚಿಕಿತ್ಸೆ ಮಾಡಬೇಕಾದ ಸ್ಥಿತಿ ಯಾವ ಮನೆಗೂ ಬರಬಾರದು. ನಾವು ಫೋನ್ ಮಾಡಿದ ಹೊತ್ತಿಗೆ ಆ ಹುಡುಗ ಇನ್ನೊಂದು ಅಪಾರ್ಟ್‌ಮೆಂಟ್‌ನಲ್ಲಿ ಅದೇ ಔಷಧ ಹೊಡೆಯುತ್ತಿದ್ದನಂತೆ. ಅವನ ಬಗ್ಗೆ ನನಗೆ ಸಿಟ್ಟಿಲ್ಲ. ದಿನವಿಡೀ ಅದನ್ನು ಉಸಿರಾಡುವವನು ಅವನೇ, ಅವನಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಸಿಟ್ಟಿರುವುದು ಕಳಿಸಿದವರ ಮೇಲೆ.

ಆಮೇಲೆ ತಿಳಿದ ಕೆಲವು ಸಂಗತಿಗಳನ್ನು ಹೇಳಲೇಬೇಕು. ನಮ್ಮ ದೇಶದಲ್ಲಿ ಕೀಟನಾಶಕ ಮಾರಲು 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಲೇಬಲ್ ಇಲ್ಲದೆ ಬಿಡಿಯಾಗಿ ಸುರಿದು ಮಾರುವಂತಿಲ್ಲ. ಲೇಬಲ್ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಅದರ ಬಣ್ಣ ಕೆಂಪಾಗಿದ್ದರೆ ವಿಷ ಅತಿ ಹೆಚ್ಚು. ಆಮೇಲೆ ಹಳದಿ, ನೀಲಿ. ಹಸಿರು ಅಂದರೆ ಎಲ್ಲಕ್ಕಿಂತ ಕಡಿಮೆ. ವಿಷವೇರಿದರೆ ಏನು ಮದ್ದು ಕೊಡಬೇಕು ಅನ್ನುವುದೂ ಅದೇ ಲೇಬಲ್ ಮೇಲಿರುತ್ತದೆ. ಡಾಕ್ಟರಿಗೆ ಬೇಕಾಗಿದ್ದದ್ದು ಆ ಒಂದು ಚೀಟಿ. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅಂತಲೂ ಬರೆದಿರುತ್ತದೆ. ನಾವು ಒಗ್ಗರಣೆಗೆ, ಚಟ್ನಿಗೆ ಅದೇ ಗಿಡದಿಂದ ಕಿತ್ತುಕೊಳ್ಳುತ್ತಿದ್ದೆವು. ಕೆಲವು ಔಷಧಗಳು ಗಿಡದ ರಸದೊಳಗೇ ಸೇರಿಬಿಡುತ್ತವೆ, ಕಾಯಿ ತೊಳೆದರೂ ಹೋಗುವುದಿಲ್ಲ.

ಖಾಲಿ ಡಬ್ಬಿ, ಬಾಟಲಿಯ ವಿಷಯದಲ್ಲೂ ಸಡಿಲ ಬೇಡ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತ್ತು. ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರು ಅಂತ ಆಗ ವರದಿಯಾಗಿತ್ತು. ನೀರಿನ ಬಾಟಲಿಯಲ್ಲಿ ವಿಷ ಕೊಡುವವರನ್ನು ಕಂಡರೆ ನನಗೆ ಈಗ ಆ ಮಕ್ಕಳೇ ನೆನಪಾಗುತ್ತಾರೆ. ಮನೆಯಲ್ಲಿ ಮಕ್ಕಳಿದ್ದು, ಆ ಬಾಟಲಿ ಫ್ರಿಜ್ ಪಕ್ಕ ಇದ್ದಿದ್ದರೆ?

ಇಷ್ಟೆಲ್ಲ ಆದರೂ ಗಿಡವೇನೂ ಸರಿಯಾಗಲಿಲ್ಲ. ಕೃಷಿ ಓದಿದ ನೆಂಟರೊಬ್ಬರು ಬಂದು ಎಲೆಯ ಅಡಿಭಾಗವನ್ನು ಮಸೂರದಲ್ಲಿ ನೋಡಿದರು. ಅದು ಮೈಟ್ ನುಸಿ. ಬರಿಗಣ್ಣಿಗೆ ಕಾಣುವುದಿಲ್ಲ. ಅದು ಕೀಟವೇ ಅಲ್ಲ, ಎಂಟು ಕಾಲಿನ ಜೇಡದ ಸಂಬಂಧಿ. ಕೀಟಗಳಿಗೆಂದು ಮಾಡಿದ ಎಷ್ಟೋ ಔಷಧಗಳು ಅದನ್ನು ಕೊಲ್ಲುವುದಿಲ್ಲ. ಕೆಲವಂತೂ ನುಸಿಯನ್ನು ತಿನ್ನುವ ಒಳ್ಳೆಯ ಹುಳುಗಳನ್ನು ಕೊಂದು ನುಸಿ ಹೆಚ್ಚುವಂತೆ ಮಾಡುತ್ತವೆ.

ಎಲೆ ಮುದುಡುವುದಕ್ಕೆ ಕಾರಣ ಒಂದೇ ಅಲ್ಲ, ಇದನ್ನು ಮುಖ್ಯವಾಗಿ ನೆನಪಿಡಿ. ಅಂಚು ಕೆಳಕ್ಕೆ ಮಡಚಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಹೆಚ್ಚಾಗಿ ಮೈಟ್. ಅಂಚು ಮೇಲಕ್ಕೆ ದೋಣಿಯ ಹಾಗೆ ಎದ್ದಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಎಲೆ ಚಿಕ್ಕದಾಗಿ, ಹಳದಿಯಾಗಿ, ಗಿಡವೇ ಗುಜ್ಜಾಗಿದ್ದರೆ ಬಿಳಿ ನೊಣದಿಂದ ಹರಡುವ ನಂಜು (ವೈರಸ್) ರೋಗ ಇರಬಹುದು. ನಂಜು ರೋಗಕ್ಕೆ ಯಾವ ಔಷಧವೂ ಇಲ್ಲ, ಗಿಡ ಕಿತ್ತು ಹಾಕಬೇಕು ಅಷ್ಟೇ. 2021ರಲ್ಲಿ ಕಪ್ಪು ಥ್ರಿಪ್ಸ್ ಬಂದು ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳು ಮಾಡಿತ್ತು. ಹೊಲದ ರೈತರ ಕಷ್ಟ ಬೇರೆ, ಅವರ ಲೆಕ್ಕ ಬೇರೆ. ಹಾಲ್‌ನಲ್ಲಿರುವ ಕುಂಡಕ್ಕೆ ಹೊಲದ ಔಷಧ ಯಾಕೆ ಬೇಕು, ಅಲ್ವಾ? ಹೊಲದಲ್ಲಿ ಬಿಸಿಲು, ಗಾಳಿ, ಮಳೆ ಇವೆ. ಮನೆಯೊಳಗೆ ಅದು ಸೋಫಾದ ಬಟ್ಟೆಯಲ್ಲಿ, ಪರದೆಯಲ್ಲಿ, ನೆಲದಲ್ಲಿ ಜಾಸ್ತಿ ದಿನ ಉಳಿಯುತ್ತದೆ.

ಮನೆಯೊಳಗಿನ ಗಿಡಕ್ಕೆ ನುಸಿ ಬೇಗ ಹತ್ತುವುದಕ್ಕೂ ಇದೇ ಕಾರಣ. ಮಳೆ ಬಡಿಯುವುದಿಲ್ಲ, ನುಸಿಯನ್ನು ತಿನ್ನುವ ಗುಲಗಂಜಿ ಹುಳದಂಥವು ಒಳಗೆ ಬರುವುದಿಲ್ಲ. ವಾರಕ್ಕೊಮ್ಮೆ ದೀಪ ಆರಿಸಿ, ಹಗಲು ಬೆಳಕಿನಲ್ಲಿ ಎಲೆ ತಿರುಗಿಸಿ ನೋಡಿ. ಕುಡಿ ಮುದುಡಿದ್ದರೆ ಆ ಕುಡಿಯನ್ನು ಚಿವುಟಿ ಕವರ್‌ಗೆ ಹಾಕಿ ಕಟ್ಟಿ ಎಸೆಯಿರಿ. ಆ ಕುಂಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಔಷಧ ಬೇಕೇ ಬೇಕು ಅಂದರೆ ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಇವೆ. ಮೈಟ್‌ಗೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯೂ ಇದೆ. ಪೊಟ್ಟಣದ ಮೇಲಿನ ಅಳತೆಯಂತೆಯೇ ಕಲಸಿ. ಗಂಧಕ ಮತ್ತು ಎಣ್ಣೆಯನ್ನು ಒಟ್ಟಿಗೆ ಹೊಡೆಯಬೇಡಿ, ಎಲೆ ಸುಡುತ್ತದೆ. ಇವನ್ನೂ ಮನೆಯೊಳಗೆ ಹೊಡೆಯಬಾರದು. ಕುಂಡವನ್ನು ತಾರಸಿಗೆ ಒಯ್ದು, ಬಿಸಿಲಿಳಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿ ಹೊಡೆಯಿರಿ. ಪೂರ್ತಿ ಒಣಗುವ ತನಕ ಒಳಗೆ ತರಬೇಡಿ. ಮೆಣಸಿನ ಸಸಿ ಇನ್ನೊಂದು ಬೆಳೆಸಿಕೊಳ್ಳಬಹುದು. ಕೈಮೀರಿದೆ ಅನಿಸಿದರೆ ಕಿತ್ತು ಎಸೆದುಬಿಡಿ.

ಯಾರಿಗಾದರೂ ಔಷಧದಿಂದ ವಾಂತಿ, ಬೆವರು, ಜೊಲ್ಲು, ಉಸಿರು ಕಟ್ಟುವುದು ಕಂಡರೆ ಮೊದಲು ಅವರನ್ನು ಹೊರಗಿನ ಗಾಳಿಗೆ ಕರೆದೊಯ್ಯಿರಿ. ಬಟ್ಟೆ ಬದಲಿಸಿ, ಮೈ ಸೋಪಿನಿಂದ ತೊಳೆಯಿರಿ, ನಿಮ್ಮ ಕೈಗೆ ಗ್ಲೌಸ್ ಇರಲಿ. ನೀವಾಗಿಯೇ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಬಾಟಲಿಯನ್ನು ಎಸೆಯದೆ, ಗಟ್ಟಿ ಮುಚ್ಚಳ ಹಾಕಿ, ಕವರ್‌ನಲ್ಲಿ ಕಟ್ಟಿ ಆಸ್ಪತ್ರೆಗೆ ಜೊತೆಗೇ ಒಯ್ಯಿರಿ.