ಅಂಗೈ ಅಗಲದಲ್ಲಿ ವಿಶ್ವನಾಥ್: ಶಿವಮೊಗ್ಗದ ಮೇಷ್ಟ್ರು ಬರೆದುಕೊಡುವ ಸ್ಕೆಚ್ ಕಾರ್ಡುಗಳು

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದ ಒಬ್ಬರು ಕೇಳಿದವರಿಗೆ ಅವರ ಮೆಚ್ಚಿನ ಆಟಗಾರನ ಸ್ಕೆಚ್ ಕಾರ್ಡನ್ನು ಕೈಯಲ್ಲೇ ಬರೆದುಕೊಡುತ್ತಾರೆ. ಅವರಿಗೆ ಅಂಗಡಿಯಿಲ್ಲ, ಬಾಗಿಲಿಗೆ ಫಲಕವೂ ಇಲ್ಲ. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿರುವುದರಿಂದ ಇಲ್ಲಿ ಮೇಷ್ಟ್ರು ಎಂದಷ್ಟೇ ಕರೆಯುತ್ತೇನೆ. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಅವರ ನಾಲ್ಕು ಕಾರ್ಡುಗಳನ್ನು ಅವರಿಂದ ಬರೆಸಿದ್ದೇನೆ. ಈ ಬಗೆಯ ಚಿತ್ರ ಬರೆಸಬೇಕೆಂಬ ಆಸೆಯಿದ್ದೂ ಯಾರನ್ನು ಕೇಳುವುದು, ಏನನ್ನು ನೋಡಿ ಒಪ್ಪಿಕೊಳ್ಳುವುದು ಎಂದು ತಿಳಿಯದೆ ಇರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಸ್ಕೆಚ್ ಕಾರ್ಡು ಎಂದರೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ದಪ್ಪ ಕಾಗದದ ಮೇಲೆ ಬರೆದ ಮೂಲ ಚಿತ್ರ. ಅಳತೆ ಬಂದದ್ದು ಅಮೆರಿಕದ ಬೇಸ್‌ಬಾಲ್ ಕಾರ್ಡುಗಳಿಂದ. ಟಾಪ್ಸ್ ಕಂಪನಿ 1957ರಲ್ಲಿ ತನ್ನ ಕಾರ್ಡುಗಳನ್ನು ಈ ಅಳತೆಗೆ ಇಳಿಸಿದ ಮೇಲೆ ಅದೇ ರೂಢಿಯಾಯಿತು. ಅಲ್ಲಿನ ಅಭಿಮಾನಿಗಳು ಅಚ್ಚಾದ ಕಾರ್ಡುಗಳಿಗೆ ತೃಪ್ತರಾಗದೆ, ತಮ್ಮ ಒಬ್ಬನೇ ಆಟಗಾರನನ್ನು ಬೇರೆ ಬೇರೆ ಕಲಾವಿದರಿಂದ ಬರೆಸಿ ಸಂಗ್ರಹಿಸುತ್ತಾರೆ. ಅಚ್ಚಿನ ಕಾರ್ಡು ಸಾವಿರಾರು ಜನರ ಬಳಿ ಇರುತ್ತದೆ. ಬರೆಸಿದ ಕಾರ್ಡು ಒಂದೇ ಇರುತ್ತದೆ. ನಮ್ಮಲ್ಲಿ ಕ್ರಿಕೆಟ್ ಕಾರ್ಡು ಎಂದರೆ ಮಕ್ಕಳು ರನ್ನು, ವಿಕೆಟ್ಟುಗಳನ್ನು ಪಣಕ್ಕಿಟ್ಟು ಆಡುತ್ತಿದ್ದ ಟ್ರಂಪ್ ಕಾರ್ಡುಗಳೇ. ನನ್ನ ಮಕ್ಕಳ ಕೈಗೆ ಅವು ಬರುವ ಹೊತ್ತಿಗೆ ವಿಶ್ವನಾಥ್ ಆಟ ಬಿಟ್ಟಾಗಿತ್ತು.

ಅವರು 1949ರ ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಹುಟ್ಟಿದವರು ಎಂಬುದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ನನ್ನ ತಲೆಮಾರಿನ ಮಲೆನಾಡಿಗರು ಅವರ ಆಟವನ್ನು ಕಣ್ಣಾರೆ ಕಂಡದ್ದು ಕಡಿಮೆ, ಕಿವಿಯಾರೆ ಕೇಳಿದ್ದೇ ಹೆಚ್ಚು. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ಎದುರು ಅವರು ಔಟಾಗದೆ 97 ರನ್ ಗಳಿಸಿದಾಗ ನಮ್ಮ ಕಡೆ ಟಿ.ವಿ. ಎಂಬುದೇ ಇರಲಿಲ್ಲ. ವೇಗದ ಬೌಲರ್ ಆಂಡಿ ರಾಬರ್ಟ್ಸ್ 64 ರನ್‌ಗೆ ಏಳು ವಿಕೆಟ್ ಕಿತ್ತ ಆ ಇನ್ನಿಂಗ್ಸ್‌ನಲ್ಲಿ ತಂಡದ ಒಟ್ಟು ಮೊತ್ತ 190; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರದೇ. ಕೊನೆಯ ಜೊತೆಗಾರ ಚಂದ್ರಶೇಖರ್ ಔಟಾದಾಗ ಶತಕಕ್ಕೆ ಮೂರೇ ರನ್ ಬಾಕಿಯಿತ್ತು. ಆ ಪಂದ್ಯವನ್ನು ಭಾರತ 100 ರನ್‌ಗಳಿಂದ ಗೆದ್ದಿತು. ಹೀಗೆ ಕೇಳಿಯೇ ಮನಸ್ಸಿನಲ್ಲಿ ಕಟ್ಟಿಕೊಂಡ ಆಟಕ್ಕೆ ಒಂದು ಕಾಣುವ ರೂಪ ಬೇಕೆನಿಸಿದರೆ ಫೋಟೋ ಹುಡುಕಿ ಪ್ರಯೋಜನವಿಲ್ಲ. ನಾವು ಕಿವಿಯಲ್ಲಿ ಹಿಡಿದಿಟ್ಟುಕೊಂಡ ಕ್ಷಣವನ್ನೇ ಛಾಯಾಗ್ರಾಹಕರೂ ಹಿಡಿದಿರಬೇಕೆಂದೇನಿಲ್ಲ. ಬರೆಸಿದ ಕಾರ್ಡಿನ ನಿಜವಾದ ಬೆಲೆ ಇರುವುದು ಇಲ್ಲಿ, ಮತ್ತು ಮೇಷ್ಟ್ರು ಇದನ್ನು ಚೆನ್ನಾಗಿ ಬಲ್ಲರು.

ಅವರು ಮೊದಲು ಕೇಳುವುದು ಆಟಗಾರನ ಹೆಸರನ್ನಲ್ಲ. "ಯಾವ ಪಂದ್ಯ? ಯಾವ ಹೊಡೆತ? ಚೆಂಡು ಬ್ಯಾಟಿಗೆ ತಾಗುವ ಮೊದಲೋ, ತಾಗಿದ ಮೇಲೋ?" ಎಂದು ಕೇಳುತ್ತಾರೆ. ಚೆಪಾಕ್‌ನ ಸ್ಕ್ವೇರ್ ಕಟ್ ಎಂದೆ. "ಹಾಗಾದರೆ ಮುಖ ಪೂರ್ತಿ ಕಾಣುವುದಿಲ್ಲ, ಪರವಾಗಿಲ್ಲವೆ ನಿಮಗೆ?" ಎಂದರು. ಈ ಪ್ರಶ್ನೆಯಲ್ಲಿಯೇ ಅವರ ಕೆಲಸದ ಗುಣ ಅಡಗಿದೆ. ಹೆಚ್ಚಿನವರು ಚಿತ್ರ ಬರೆಸುವಾಗ ಮುಖದ ಹೋಲಿಕೆಯನ್ನೇ ಒರೆಗೆ ಹಚ್ಚಿ ನೋಡುತ್ತಾರೆ; ಆದರೆ ಕ್ರೀಡಾಪಟುವನ್ನು ದೂರದ ಸ್ಟ್ಯಾಂಡಿನಿಂದಲೂ ಗುರುತು ಹಿಡಿಯುವುದು ನಿಲುವಿನಿಂದ, ತೂಕ ಯಾವ ಕಾಲಿನ ಮೇಲಿದೆ ಎಂಬುದರಿಂದ, ಮಣಿಕಟ್ಟು ತಿರುಗುವ ಬಗೆಯಿಂದ. ವಿಶ್ವನಾಥ್ ಅವರದು ಕುಳ್ಳಗಿನ ಮೈಕಟ್ಟು. ಎದೆಯೆತ್ತರಕ್ಕೆ ಪುಟಿಯುವ ಚೆಂಡನ್ನು ಕತ್ತರಿಸುವಾಗ ಅವರು ಹಿಂಗಾಲಿನ ಬೆರಳುಗಳ ಮೇಲೆ ಏಳುತ್ತಿದ್ದರು, ಬ್ಯಾಟು ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ಇಷ್ಟು ಸರಿಯಾಗಿ ಬಂದರೆ ಕಣ್ಣು ಮೂಗು ಬರೆಯದಿದ್ದರೂ ಅವರೇ ಎಂದು ತಿಳಿಯುತ್ತದೆ.

ಕಾರ್ಡಿಗೆ ಕೈಹಚ್ಚುವ ಮೊದಲು ಮೇಷ್ಟ್ರು ಸಾಧಾರಣ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಕರಡು ಹಾಕಿ ತೋರಿಸುತ್ತಾರೆ. ಬದಲಾವಣೆ ಹೇಳಬೇಕಾದದ್ದು ಆಗಲೇ. ಚೆಪಾಕ್‌ನ ಕರಡಿನಲ್ಲಿ ಬ್ಯಾಟಿನ ಅಂಚು ಇಂದಿನ ಬ್ಯಾಟುಗಳ ಹಾಗೆ ದಪ್ಪವಾಗಿತ್ತು. ಆ ಕಾಲದ ಬ್ಯಾಟುಗಳ ಅಂಚು ತೆಳುವಾಗಿರುತ್ತಿತ್ತು ಎಂದು ತಿಳಿಸಿದಾಗ ಅವರು ಬೇಸರಿಸದೆ, ಹಳೆಯ ಚಿತ್ರಗಳನ್ನು ತೆಗೆದು ನೋಡಿ, ತಿದ್ದಿದರು. ಹೆಲ್ಮೆಟ್ ವಿಷಯದಲ್ಲಿ ಅವರೇ ಎಚ್ಚರ ವಹಿಸಿದ್ದರು: 1975ರಲ್ಲಿ ರಾಬರ್ಟ್ಸ್‌ನಂತಹ ಬೌಲರನ್ನು ಬ್ಯಾಟುಗಾರರು ಬರಿದಲೆಯಲ್ಲೋ ಬಟ್ಟೆಯ ಟೊಪ್ಪಿಗೆಯಲ್ಲೋ ಎದುರಿಸುತ್ತಿದ್ದರು. ಯಾವುದೇ ಒಂದು ಫೋಟೋವನ್ನು ಎದುರಿಗಿಟ್ಟು ನಕಲು ಮಾಡುವುದನ್ನು ಅವರು ಒಪ್ಪುವುದಿಲ್ಲ. ಫೋಟೋ ತೆಗೆದವರ ಹಕ್ಕು ಅವರದು ಎಂಬುದು ಒಂದು ಕಾರಣ. ನಕಲಿನಲ್ಲಿ ಗೆರೆಗೆ ಜೀವ ಇರುವುದಿಲ್ಲ ಎಂಬುದು ಇನ್ನೊಂದು. ಇದಕ್ಕೂ ಮೊದಲು ದೂರದ ಊರಿನ ಒಬ್ಬ ಕಲಾವಿದರಿಂದ ಆನ್‌ಲೈನಿನಲ್ಲಿ ತರಿಸಿದ್ದ ಕಾರ್ಡು ನನ್ನ ಬಳಿ ಇದೆ. ಎಲ್ಲರೂ ಕಂಡಿರುವ ಒಂದು ಫೋಟೋದ ಮೇಲೆ ಪಾರದರ್ಶಕ ಹಾಳೆಯಿಟ್ಟು ಎಳೆದ ಗೆರೆಗಳವು ಎಂಬುದು ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ: ಗೆರೆ ಎಲ್ಲ ಕಡೆಯೂ ಒಂದೇ ದಪ್ಪ, ಎಲ್ಲಿಯೂ ಒತ್ತಿಲ್ಲ, ಎಲ್ಲಿಯೂ ಬಿಟ್ಟಿಲ್ಲ.

ಚೆಪಾಕ್ ಕಾರ್ಡನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾಲ್ಕರಲ್ಲಿ ಅದೇ ಮೇಲು. ಬಿಳಿ ಕಾಗದದ ಮೇಲೆ ಬಿಳಿ ಉಡುಪಿನ ಆಟಗಾರನನ್ನು ಬರೆಯುವುದು ಸುಲಭದ ಮಾತಲ್ಲ. ಸುತ್ತ ಗಾಢ ಬಣ್ಣ ತುಂಬಿದರೆ ಆಕೃತಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಬಿಳಿ ಬಣ್ಣ ಬಳಿದರೆ ಒಣಗಿದ ಮೇಲೆ ಸುಣ್ಣದಂತೆ ಬಿರುಸಾಗುತ್ತದೆ. ಮೇಷ್ಟ್ರು ಅಂಗಿಯನ್ನು ಬರೆದೇ ಇಲ್ಲ, ಕಾಗದವನ್ನೇ ಅಂಗಿಯಾಗಿ ಉಳಿಸಿದ್ದಾರೆ. ತೋಳಿನ ಕೆಳಗೆ, ಬೆನ್ನಿನ ಸುಕ್ಕಿನಲ್ಲಿ, ಪ್ಯಾಡಿನ ಪಟ್ಟಿಗಳ ನಡುವೆ ನೀಲಿ ಬೆರೆತ ಬೂದು ಜಲವರ್ಣವನ್ನು ತೆಳ್ಳಗೆ ಹರಿಸಿದ್ದಾರೆ, ಅಷ್ಟೆ. ಪಾಯಿಂಟಿನ ದಿಕ್ಕಿಗೆ ಹೊರಟ ಚೆಂಡು ಸಾಸಿವೆಗಿಂತ ಕಿರಿದಾದ ಕೆಂಪು ಚುಕ್ಕೆ. ಕಾರ್ಡಿನಲ್ಲಿ ಬೇರೆಲ್ಲೂ ಕೆಂಪು ಇಲ್ಲದಿರುವುದರಿಂದ ನೋಟ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಬ್ಯಾಟಿಗೆ, ಬ್ಯಾಟಿನಿಂದ ಮಣಿಕಟ್ಟಿಗೆ ಹಿಂದಿರುಗುತ್ತದೆ. ಹಿಂಗಾಲಿನ ಹಿಮ್ಮಡಿ ನೆಲದಿಂದ ಕೂದಲೆಳೆಯಷ್ಟು ಮೇಲಿದೆ. ಕೆಳಗಿನ ನೆರಳು ಮಾತ್ರ ಅದನ್ನು ಹೇಳುತ್ತದೆ. ಹಿಂಬದಿಯಲ್ಲಿ ಪಂದ್ಯ, ಊರು, ವರ್ಷ, ರನ್ನುಗಳನ್ನು ಕನ್ನಡ ಅಂಕಿಗಳಲ್ಲಿ ಬರೆದು ಸಹಿ ಹಾಕಿದ್ದಾರೆ.

ಕಾನ್ಪುರದ ಕಾರ್ಡು ಅಷ್ಟು ಮೇಲ್ಮಟ್ಟದ್ದಲ್ಲ. 1969ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ಎದುರು ತಮ್ಮ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ರನ್ ಗಳಿಸಿದ ಹುಡುಗನಿಗೆ ಆಗ ಇಪ್ಪತ್ತೇ ವರ್ಷ. ಕಾರ್ಡಿನಲ್ಲಿ ಕಾಣುವ ಮುಖ ಮೂವತ್ತು ದಾಟಿದ ವಿಶ್ವನಾಥರದು. ನಿಲುವು ಸರಿಯಿದೆ, ಮುಖದಲ್ಲಿ ಎಳೆತನವಿಲ್ಲ. ಪೋರ್ಟ್ ಆಫ್ ಸ್ಪೇನಿನ ಕಾರ್ಡು 1976ರ ಏಪ್ರಿಲ್‌ನದು. 403 ರನ್‌ಗಳ ಗುರಿಯನ್ನು ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು ಮುಟ್ಟಿದ ಪಂದ್ಯ, ಅದರಲ್ಲಿ ಅವರದು 112. ಇದಕ್ಕೆ ಮೇಷ್ಟ್ರು ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಕಾಣುವ ಹಸೆ ಚಿತ್ತಾರದ ಮಾದರಿಯಲ್ಲಿ ಅಂಚು ಕಟ್ಟಿದ್ದಾರೆ. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಆ ಗೆರೆಗಳ ಮೇಲೆ ನನಗೆ ಅಪಾರ ಪ್ರೀತಿಯಿದೆ. ಆದರೆ ಚಿತ್ತಾರಕ್ಕೆ ಗೋಡೆಯ ಅಗಲ ಬೇಕು. ಎರಡೂವರೆ ಇಂಚಿನಲ್ಲಿ ಅದು ಆಟಗಾರನನ್ನು ನಾಲ್ಕೂ ಕಡೆಯಿಂದ ಒತ್ತುತ್ತದೆ. ಮುಂದಿನ ಕಾರ್ಡಿಗೆ ಅಂಚು ಬೇಡವೆಂದೆ. ಹಿಂಬದಿಗೆ ಹಾಕೋಣ ಎಂದು ಒಪ್ಪಿದರು, ಅದು ಬಹಳ ಚೆನ್ನಾಗಿ ಬಂದಿದೆ.

ಆ ಮುಂದಿನ ಕಾರ್ಡಿನಲ್ಲಿ ವಿಶ್ವನಾಥ್ ಬ್ಯಾಟು ಹಿಡಿದಿಲ್ಲ. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ಇಂಗ್ಲೆಂಡ್ ಎದುರು ನಡೆದ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟಿಗೆ ಅವರು ನಾಯಕರಾಗಿದ್ದರು. ವಿಕೆಟ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್ ಅವರನ್ನು, ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಮನಗಂಡು ವಿಶ್ವನಾಥ್ ಮರಳಿ ಕರೆಸಿದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಇದನ್ನು ಹೇಗೆ ಬರೆಯುವುದೆಂದು ಮೇಷ್ಟ್ರು ಬಹಳ ಯೋಚಿಸಿದರು. ಕೊನೆಗೆ ಅವರು ಬರೆದದ್ದು ಹಿಂಬದಿಯಿಂದ ಕಾಣುವ ಇಬ್ಬರನ್ನು: ದೂರದಲ್ಲಿ ಪೆವಿಲಿಯನ್ ಕಡೆಗೆ ಅರ್ಧ ತಿರುಗಿದ ಉದ್ದನೆಯ ಆಕೃತಿ, ಹತ್ತಿರದಲ್ಲಿ ಒಂದು ಕೈ ಸೊಂಟದೆತ್ತರಕ್ಕೆ ಎತ್ತಿ ನಿಂತ ಕುಳ್ಳಗಿನ ಆಕೃತಿ. ಬರೀ ಪೆನ್ಸಿಲಿನ ಕೆಲಸ. ಎತ್ತಿದ ಕೈಯಲ್ಲಿ ಅಧಿಕಾರವೂ ಇಲ್ಲ, ಆಡಂಬರವೂ ಇಲ್ಲ. ಮನೆಗೆ ಬಂದವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನು ಸಾಮಗ್ರಿಯ ಮಾತು. ಅವರು ಬಳಸುವುದು 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ) ತೂಕದ, ನುಣುಪು ಮೈಯ, ಆಮ್ಲರಹಿತ ಹತ್ತಿ ಕಾಗದ. ಜಲವರ್ಣಕ್ಕೆ ಸಾಮಾನ್ಯವಾಗಿ ಬಳಸುವ ಒರಟು ಮೈಯ ಕಾಗದ ದೊಡ್ಡ ಚಿತ್ರಕ್ಕೆ ಚೆನ್ನ. ಇಷ್ಟು ಚಿಕ್ಕ ಜಾಗದಲ್ಲಿ ಅದರ ಉಬ್ಬುತಗ್ಗುಗಳೇ ಮೂಗಿಗಿಂತ ದೊಡ್ಡದಾಗಿ ಗೆರೆ ಮುರಿಯುತ್ತದೆ. ಭದ್ರಾವತಿಯಲ್ಲಿ 1936ರಿಂದ ಕಾಗದದ ಕಾರ್ಖಾನೆಯನ್ನು ಕಂಡ ಸೀಮೆಯವರಾದ ನಮಗೆ ಕಾಗದದ ಗುಣದ ಬಗ್ಗೆ ಇಷ್ಟು ಹೇಳುವುದು ಹೆಚ್ಚೇನಲ್ಲ ಎಂದುಕೊಳ್ಳುತ್ತೇನೆ. ಗೆರೆಗೆ ನೀರಿಗೆ ಹರಡದ ಪಿಗ್ಮೆಂಟ್ ಶಾಯಿ ಬಳಸುತ್ತಾರೆ. ಮಕ್ಕಳ ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಪೆನ್ಸಿಲಿನ ಕೆಲಸಕ್ಕೆ ಉಜ್ಜಿ ಹೋಗದಂತೆ ಫಿಕ್ಸೆಟಿವ್ ಸಿಂಪಡಿಸುತ್ತಾರೆ.

ಮಲೆನಾಡಿನಲ್ಲಿ ಇಂತಹ ಸಂಗ್ರಹ ಇಟ್ಟುಕೊಳ್ಳುವವರಿಗೆ ದೊಡ್ಡ ವೈರಿ ಥಂಡಿ. ಆಗುಂಬೆ, ಹೊಸನಗರ, ತೀರ್ಥಹಳ್ಳಿಯ ಕಡೆಯವರಿಗಂತೂ ಮಳೆಗಾಲದಲ್ಲಿ ಕಾಗದ ಹೇಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಹೇಗೆ ಕೂರುತ್ತದೆ ಎಂಬುದು ಚೆನ್ನಾಗಿ ಗೊತ್ತು. ಮೇಷ್ಟ್ರು ಪ್ರತಿ ಕಾರ್ಡನ್ನೂ ಪಾಲಿಪ್ರೊಪಿಲೀನ್ ಒಳಕವರಿನಲ್ಲಿಟ್ಟು, ಮೇಲೆ ಗಟ್ಟಿ ಪ್ಲಾಸ್ಟಿಕ್ ಕವಚ ಹಾಕಿಕೊಡುತ್ತಾರೆ. ಮೃದುವಾದ ಪಿವಿಸಿ ಕವರುಗಳು ಕಾಲಕ್ರಮದಲ್ಲಿ ಅಂಟಂಟಾಗಿ ಚಿತ್ರವನ್ನು ಹಿಡಿದುಕೊಳ್ಳುವುದರಿಂದ ಅವು ಬೇಡ. ಲ್ಯಾಮಿನೇಷನ್ ಅಂತೂ ಖಂಡಿತ ಮಾಡಿಸಬಾರದು; ಶಾಖಕ್ಕೆ ಅಂಟು ಕರಗಿ ಕಾಗದಕ್ಕೆ ಇಳಿದ ಮೇಲೆ ಚಿತ್ರವನ್ನು ಬಿಡಿಸಿಕೊಳ್ಳಲು ದಾರಿಯಿಲ್ಲ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆ ಬಿಟ್ಟ ಮೇಲೆ ನೆರಳಿನಲ್ಲಿ ಒಮ್ಮೆ ತೆರೆದು ಗಾಳಿಗಿಡುವುದು, ಇಷ್ಟು ಮಾಡಿದರೆ ಸಾಕು. ಗೋಡೆಗೆ ಹಾಕುವುದಾದರೆ ಬಿಸಿಲು ಬೀಳದ, ಮಳೆಯ ಹೊಡೆತಕ್ಕೆ ನೆನೆಯದ ಒಳಗೋಡೆಯನ್ನೇ ಆರಿಸಬೇಕು.

ಪೆನ್ಸಿಲಿನ ಕಾರ್ಡಿಗೆ 700 ರೂಪಾಯಿ, ಬಣ್ಣದ್ದಕ್ಕೆ 1,200 ರೂಪಾಯಿ ತೆಗೆದುಕೊಳ್ಳುತ್ತಾರೆ; ಕರಡು ಒಪ್ಪಿದ ಮೇಲೆ ಅರ್ಧ, ಕಾರ್ಡು ಕೈಸೇರಿದ ಮೇಲೆ ಉಳಿದದ್ದು. ಕಾಗದ, ಕವಚ, ಕರಡಿನ ಶ್ರಮ ಎಲ್ಲ ಸೇರಿ ಇದು ನ್ಯಾಯವಾದ ಬೆಲೆಯೆಂದೇ ನನ್ನ ಅಭಿಪ್ರಾಯ. ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕಾರ್ಡು ಸಿಗುವುದು ಅಪರೂಪ, ಮಳೆಗಾಲದಲ್ಲಿ ಬಣ್ಣ ಒಣಗದೆ ಇನ್ನೂ ತಡವಾಗುತ್ತದೆ. ಫೋನಿನಲ್ಲಿ ಅವರು ಸುಲಭವಾಗಿ ಸಿಗುವುದಿಲ್ಲ, ಮನೆಗೇ ಹೋಗಬೇಕು. ಮುಖದ ಹೋಲಿಕೆಯೇ ಮುಖ್ಯವೆನ್ನುವವರಿಗೆ, ಹುಟ್ಟುಹಬ್ಬದ ಉಡುಗೊರೆಗೆ ನಾಳೆಯೇ ಬೇಕೆನ್ನುವವರಿಗೆ ಇವರು ಹೊಂದುವುದಿಲ್ಲ. ನೆಹರು ರಸ್ತೆಯ ಯಾವುದಾದರೂ ಸ್ಟುಡಿಯೋದಲ್ಲಿ ಒಳ್ಳೆಯ ಫೋಟೋ ಪ್ರಿಂಟ್ ಹಾಕಿಸುವುದು ಮೇಲು.

ಆಟವನ್ನು ಬಲ್ಲವರು, ತಮಗೆ ಬೇಕಾದ ಹೊಡೆತವನ್ನು ಬಾಯಿಮಾತಿನಲ್ಲಿ ವಿವರಿಸಬಲ್ಲವರು ಮಾತ್ರ ನಿಸ್ಸಂಕೋಚವಾಗಿ ಹೋಗಬಹುದು. ಹೋಗುವಾಗ ಪಂದ್ಯದ ವರ್ಷ, ಎದುರಾಳಿ, ಬೌಲರ್ ಯಾರು, ಆಟಗಾರ ಎಡಗೈಯವನೋ ಬಲಗೈಯವನೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಕರಡು ಒಂದೇ ಸಲಕ್ಕೆ ಸರಿಯಾಗುವ ಸಾಧ್ಯತೆ ಹೆಚ್ಚು. ನಾನು 1981ರ ಮೆಲ್ಬರ್ನ್ ಟೆಸ್ಟಿನ 114 ರನ್‌ಗಳ ಇನ್ನಿಂಗ್ಸ್‌ಗೆ ಹೇಳಿ ಬಂದಿದ್ದೇನೆ. ಲೇಟ್ ಕಟ್ ಬೇಕು, ಅಂಚು ಬೇಡ, ಬಣ್ಣವೂ ಬೇಡ, ಪೆನ್ಸಿಲಿನಲ್ಲಿಯೇ ಆಗಲಿ ಎಂದಿದ್ದೇನೆ.