ಲೂರ್ ಬಣ್ಣದ ಕಿಟ್: ಮಲೆನಾಡಿನ ತೇವದಲ್ಲಿ ಎಂಟು ತಿಂಗಳು

ಶಿವಮೊಗ್ಗದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತೋಟದ ಪಂಪ್‌ಸೆಟ್, ಮಿಕ್ಸಿ, ಫ್ಯಾನು, ಇವೇ ವಾರವಿಡೀ ಕೆಲಸ. ಭಾನುವಾರ ಮಾತ್ರ ಗಾಳ. ಹುಡುಗನಾಗಿದ್ದಾಗ ಎರೆಹುಳ ಚುಚ್ಚಿ ಹಳ್ಳದಲ್ಲಿ ಗೆಂಡೆ ಹಿಡಿಯುತ್ತಿದ್ದೆ. ಲೂರ್, ಅಂದರೆ ಎರೆಯ ಬದಲಿಗೆ ಹಾಕುವ ಕೊಕ್ಕೆಯಿರುವ ನಕಲಿ ಮೀನು, ಹಾಕಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಕಳೆದ ಜುಲೈಯಲ್ಲಿ ಲೂರಿಗೆ ನಾನೇ ಬಣ್ಣ ಹೊಡೆಯಬೇಕು ಅನ್ನಿಸಿ ಆನ್‌ಲೈನಿನಲ್ಲಿ ಒಂದು ಏರ್‌ಬ್ರಷ್ ಕಿಟ್ ತರಿಸಿದೆ. ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣವನ್ನು ಮಂಜಿನಂತೆ ಹೊಡೆಯುವ ಸಣ್ಣ ಉಪಕರಣ. ಹೊಸಬರಿಗೆ ಅಂತಲೇ ಮಾರುವ ಕಿಟ್ ಅದು. ನಮ್ಮ ಕಡೆಯವರು ಯಾರಾದರೂ ಕೊಳ್ಳುವ ಯೋಚನೆಯಲ್ಲಿದ್ದರೆ ಇದನ್ನು ಓದಿ ಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಬಣ್ಣ ಯಾಕೆ ಬೇಕಾಯಿತು ಅಂದರೆ, ಅಂಗಡಿಯ ಒಳ್ಳೆ ಲೂರಿಗೆ ನಾನು 450ರಿಂದ 600 ರೂಪಾಯಿ ಕೊಡುತ್ತಿದ್ದೆ. ನಮ್ಮ ಕೆರೆಗಳಲ್ಲಿ ಮುಳುಗಿದ ಮರದ ಬೊಡ್ಡೆ ಜಾಸ್ತಿ. ಒಂದು ಬೆಳಗ್ಗೆ ಎರಡು ಲೂರ್ ಕಳೆದುಕೊಂಡರೆ ಸಾವಿರ ರೂಪಾಯಿ ಹೋಯಿತು. ಬಣ್ಣವಿಲ್ಲದ ಲೂರಿಗೆ ಬ್ಲ್ಯಾಂಕ್ ಅನ್ನುತ್ತಾರೆ. ಅದು ಹತ್ತರ ಕಟ್ಟಿನಲ್ಲಿ ತಲಾ 90 ರೂಪಾಯಿಗೆ ಸಿಕ್ಕಿತು. ಒಳಗೆ ತೂಕದ ಗುಂಡು, ಮುಂದೆ ನೀರು ಸೀಳುವ ನಾಲಿಗೆ, ಕೊಕ್ಕೆ ಸಿಕ್ಕಿಸುವ ಕಣ್ಣಿ ಎಲ್ಲ ಇರುತ್ತದೆ. ಇನ್ನೊಂದು ಕಾರಣ ಹಣದ್ದಲ್ಲ. ಅಂಗಡಿಯ ಲೂರಿನ ಬಣ್ಣ ಯಾವುದೋ ದೇಶದ ಮೀನಿನದು. ನಮ್ಮ ಹಳ್ಳದ ಮೀನು ಹಾಗಿಲ್ಲ.

ಕಿಟ್‌ಗೆ ಕೊಟ್ಟದ್ದು 3,400 ರೂಪಾಯಿ. ಕೈಯಲ್ಲಿ ಹಿಡಿಯುವ ಬ್ಯಾಟರಿ ಕಂಪ್ರೆಸರ್, ಅದಕ್ಕೆ ನೇರವಾಗಿ ತಿರುಗಿಸಿ ಕೂರಿಸುವ ಏರ್‌ಬ್ರಷ್, ಬಣ್ಣ ಹೊರಬರುವ 0.3 ಮಿಲಿಮೀಟರ್ ತೂತಿನ ಮೂತಿ (ನಾಝಲ್), ಮೇಲೆ ಬಣ್ಣ ಹಾಕುವ ಪುಟ್ಟ ಬಟ್ಟಲು, ಸಣ್ಣ ಬಾಟಲಿಗಳಲ್ಲಿ ಆರು ಬಣ್ಣ. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಈ ಎರಡು ಕೆಲಸದ ಗುಂಡಿ ಇರುವುದನ್ನೇ ಕೊಳ್ಳಿ. ಒತ್ತಿದ ಕೂಡಲೇ ಬಣ್ಣ ಉಗುಳುವಂಥದ್ದರಲ್ಲಿ ಮೀನಿನ ಬೆನ್ನಿನಿಂದ ಪಕ್ಕೆಗೆ ಬಣ್ಣ ಕರಗಿಸುವುದು ಕಷ್ಟ. ಬ್ಯಾಟರಿ ನನಗೆ 40 ನಿಮಿಷ ಬರುತ್ತದೆ. ನಾಲ್ಕು ಲೂರಿಗೆ ಸಾಕು.

ಪೆಟ್ಟಿಗೆ ಬಿಚ್ಚಿದಾಗ ಏರ್‌ಬ್ರಷ್ ಒಳಗಿನ ಸೂಜಿಯ ತುದಿ ಕೂದಲೆಳೆಯಷ್ಟು ಬಗ್ಗಿತ್ತು. ಬಣ್ಣ ಎಡಕ್ಕೇ ಹೋಗುತ್ತಿತ್ತು. ಮಾರಿದವರು ಹೊಸ ಸೂಜಿ ಕಳಿಸಿದರು, ಒಂಬತ್ತು ದಿನ ಹಿಡಿಯಿತು. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ದೊಡ್ಡ ತೊಂದರೆ ಬೇರೆ ಇದೆ.

ಆಷಾಢದ ಮಳೆಯಲ್ಲಿ ಶುರು ಮಾಡಿದೆ. ಬ್ಲ್ಯಾಂಕನ್ನು ಪಾತ್ರೆ ಸೋಪಿನಲ್ಲಿ ತೊಳೆದು, 800 ನಂಬರಿನ ಮರಳು ಕಾಗದದಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ನಾಲಿಗೆಗೆ ಟೇಪ್ ಸುತ್ತಿ, ಬಿಳಿ ಹೊಡೆದೆ. ಹತ್ತು ನಿಮಿಷ ಒಣಗಲಿ ಅಂತ ಕಿಟ್‌ನ ಚೀಟಿಯಲ್ಲಿತ್ತು. ಹತ್ತು ನಿಮಿಷಕ್ಕೆ ಮುಟ್ಟಿ ನೋಡಿದೆ, ಬೆರಳಿಗೆ ಅಂಟಲಿಲ್ಲ. ಸರಿ ಅಂತ ಮೇಲೆ ಹಸಿರು ಬೆನ್ನು, ಬೆಳ್ಳಿ ಪಕ್ಕೆ ಹೊಡೆದು ಅದೇ ರಾತ್ರಿ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಪಾರದರ್ಶಕ ಅಂಟು, ಸುರಿದೆ. ಬೆಳಗ್ಗೆ ನೋಡಿದರೆ ಮೂರು ಲೂರಿನ ಮೇಲೂ ಮಂಜು ಕವಿದಂತೆ ಬಿಳಿಚು. ಮೈಯೆಲ್ಲ ಅಂಟು. ಎರಡನೇ ಭಾನುವಾರ ನೀರಿಗೆ ಹಾಕಿದಾಗ ಒಂದರ ಬಣ್ಣ ಹಾವಿನ ಪೊರೆಯ ಹಾಗೆ ಸುಲಿದು ಬಂತು.

ಅದನ್ನು ಕೈಯಲ್ಲಿ ಹಿಡಿದು ಕೂತಾಗ ನನ್ನ ಅಂಗಡಿ ನೆನಪಾಯಿತು. ವೈಂಡಿಂಗ್ ಮಾಡಿ ವಾರ್ನಿಷ್ ಹೊಯ್ದ ಮೋಟಾರನ್ನು ಮಳೆಗಾಲದಲ್ಲಿ ನಾನು ಹಾಗೇ ಕೊಡುತ್ತೇನಾ? ಒಳಗೆ ಬಲ್ಬ್ ಹಾಕಿ ಇಡೀ ರಾತ್ರಿ ಕಾಯಿಸುತ್ತೇನೆ. ಮೇಲೆ ಒಣಗಿದ ಹಾಗೆ ಕಂಡರೂ ತಂತಿಯ ನಡುವೆ ತೇವ ಉಳಿದರೆ ಸುಟ್ಟು ಹೋಗುತ್ತದೆ. ಬಣ್ಣವೂ ಅದೇ. ನೀರಿನ ಬಣ್ಣ ಒಣಗುವುದು ಅಂದರೆ ಅದರ ನೀರು ಗಾಳಿಗೆ ಹೋಗುವುದು. ಗಾಳಿಯೇ ನೀರು ತುಂಬಿಕೊಂಡು ನಿಂತಿರುವಾಗ ಅದು ಎಲ್ಲಿಗೆ ಹೋಗಬೇಕು? ಒಳಗಿನ ತೇವದ ಮೇಲೆ ನಾನು ಎಪಾಕ್ಸಿಯ ಮುಚ್ಚಳ ಹಾಕಿದ್ದೆ. ಎಪಾಕ್ಸಿಗೂ ತೇವ ಆಗುವುದಿಲ್ಲ. ಚಳಿ ಮತ್ತು ತೇವ ಸೇರಿದರೆ ಅದನ್ನು ಗಟ್ಟಿ ಮಾಡುವ ಭಾಗ (ಹಾರ್ಡನರ್) ಗಾಳಿಯ ತೇವದ ಜೊತೆ ಸೇರಿ ಮೇಲೆ ಜಿಡ್ಡಿನ ಪದರ ಬರುತ್ತದೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಕಟ್ಟಿದ್ದು ಸುಮ್ನೆ ಅಲ್ಲ ಅಲ್ವಾ. ಇಲ್ಲಿ ಒಣಗಿಸುವುದೇ ಒಂದು ಕೆಲಸ.

ಹಾಗಾಗಿ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿದೆ. ಕೆಳಗೆ 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬ್, ಮೇಲೆ ಗಾಳಿ ಹೋಗಲು ನಾಲ್ಕು ತೂತು. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ, ಬಿಸಿ ಸಾಲದು. ಒಳಗೆ ಕೈ ಇಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಅಷ್ಟೇ. ಜಾಸ್ತಿ ಬಿಸಿಯಾದರೆ ಟೊಳ್ಳು ಲೂರಿನ ಒಳಗಿನ ಗಾಳಿ ಹಿಗ್ಗಿ ಜೋಡಣೆ ಬಿಡುತ್ತದೆ. ಪ್ರತಿ ಬಣ್ಣದ ನಂತರ ಹೇರ್ ಡ್ರೈಯರಿನ ಕಡಿಮೆ ಬಿಸಿ, ಕೊನೆಯ ಬಣ್ಣದ ನಂತರ ಒಂದು ಇಡೀ ದಿನ ಪೆಟ್ಟಿಗೆ, ಆಮೇಲೆ ಎಪಾಕ್ಸಿ. ಇದಾದ ಮೇಲೆ ನನ್ನ ಒಂದು ಲೂರೂ ಸುಲಿದಿಲ್ಲ.

ಕಿಟ್‌ನ ನಿಜವಾದ ಕೊರತೆಯೂ ತೇವದ್ದೇ. ಗಾಳಿ ಒತ್ತಿದಾಗ ಬಿಸಿಯಾಗುತ್ತದೆ, ತಣಿದಾಗ ಅದರಲ್ಲಿದ್ದ ನೀರು ಹನಿಯಾಗುತ್ತದೆ. ಹೊಡೆಯುತ್ತಾ ಇರುವಾಗ ಚಟ್ ಅಂತ ಒಂದು ಹನಿ ಬಣ್ಣದ ಮೇಲೆ ಬಿದ್ದು ಗುಂಡಗೆ ಕಲೆ ಮಾಡುತ್ತದೆ. ಇದನ್ನು ತಡೆಯುವ ಸಣ್ಣ ತೇವದ ಫಿಲ್ಟರ್ ಕಿಟ್‌ನಲ್ಲಿ ಇಲ್ಲ. ಬೇರೆ ತರಿಸಿದೆ, 280 ರೂಪಾಯಿ. ಕಂಪ್ರೆಸರ್ ಮತ್ತು ಬ್ರಷ್ ನಡುವೆ ಕೂರುತ್ತದೆ, ಹಿಡಿಕೆ ಸ್ವಲ್ಪ ಉದ್ದವಾಗುತ್ತದೆ. ಒಣ ಊರಿನವರಿಗೆ ಇದು ಬೇಡವಾಗಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಕಿಟ್‌ನ ಜೊತೆಗೇ ತರಿಸಿಕೊಳ್ಳಿ.

ಜೊತೆಗೆ ಬಂದ ಆರು ಬಣ್ಣ ಕಲಿಯಲು ಸಾಕು. ಊರಿನ ಸ್ಟೇಷನರಿ ಅಂಗಡಿಯ ಅಕ್ರಿಲಿಕ್ಕೂ ನಡೆಯುತ್ತದೆ. ಆದರೆ ಹಾಲಿನ ಹದಕ್ಕೆ ತೆಳು ಮಾಡಿ, ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿಯೇ ಬಟ್ಟಲಿಗೆ ಹಾಕಬೇಕು. ಇಲ್ಲದಿದ್ದರೆ ನಾಝಲ್ ಕಟ್ಟುತ್ತದೆ. ಬಣ್ಣ ಬದಲಿಸುವಾಗಲೆಲ್ಲ ನೀರು ಹೊಡೆದು ತೊಳೆಯಿರಿ, ಕೆಲಸ ಮುಗಿದ ಮೇಲೆ ಸೂಜಿ ತೆಗೆದು ಒರೆಸಿ. ನೀರಿನ ಬಣ್ಣವಾದರೂ ಮಾಸ್ಕ್ ಹಾಕಿಕೊಳ್ಳಿ, ಆ ಮಂಜು ನೇರ ಎದೆಗೆ ಹೋಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಯಾವ ಮೀನಿನ ಬಣ್ಣ? ನಮ್ಮ ಹಳ್ಳಗಳಲ್ಲಿ ಒಂದು ಗೆಂಡೆ ಇದೆ. ಬೆಳ್ಳಿ ಮೈ, ಬಾಲದ ಹತ್ತಿರ ಒಂದು ದೊಡ್ಡ ಕಪ್ಪು ಚುಕ್ಕೆ, ಬಾಲದ ತುದಿಗಳಲ್ಲಿ ಕೆಂಪು. ಮಳೆಗಾಲದಲ್ಲಿ ನೀರು ಹತ್ತುವಾಗ ಇದನ್ನು ನೋಡಿಯೇ ಬೆಳೆದೆವು. ಇದನ್ನೇ ಮಾಡಬೇಕು ಅಂತ ಹಟ ಬಂತು. ಬೆನ್ನಿನ ಬಣ್ಣ ತಿಳಿಯಲು ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಗೆ ಹೋದೆ. ಅಲ್ಲಿ ತುಂಗೆಯ ಮೀನು ದೇವರ ಮೀನು, ಯಾರೂ ಹಿಡಿಯುವುದಿಲ್ಲ, ಹಿಡಿಯಲೂ ಬಾರದು. ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕುತ್ತಾ ಒಂದು ಗಂಟೆ ನೋಡಿದೆ. ಮೇಲಿನಿಂದ ನೋಡಿದರೆ ಮೀನು ಹೊಳೆಯ ಕಲ್ಲಿನ ಬಣ್ಣ, ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಮಗುಚಿದಾಗ ಮಾತ್ರ ಪಕ್ಕೆ ಬೆಳ್ಳಿ ಮಿಂಚು. ಅಲ್ಲಿಯವರೆಗೆ ನಾನು ಬೆನ್ನಿಗೆ ಬರೀ ಕಪ್ಪು ಹೊಡೆಯುತ್ತಿದ್ದೆ. ಮನೆಗೆ ಬಂದು ಕಂದಿಗೆ ಚೂರು ಹಸಿರು ಬೆರೆಸಿದೆ. ಈಗ ಕೈಯಲ್ಲಿ ಹಿಡಿದರೆ ಹೊಳೆ ನೆನಪಾಗುತ್ತದೆ.

ಮೀನಿನ ಮೈಯ ಪೊರೆ ಮೂಡಿಸಲು ಸ್ನಾನದ ಪ್ಲಾಸ್ಟಿಕ್ ಬಲೆಯುಂಡೆಯನ್ನು ಬಿಚ್ಚಿ ಲೂರಿಗೆ ಬಿಗಿಯಾಗಿ ಸುತ್ತಿ ಕ್ಲಿಪ್ ಹಾಕುತ್ತೇನೆ. ಕೆಳಗೆ ಬೆಳ್ಳಿ ಮೊದಲೇ ಇರಬೇಕು. ಬಲೆಯ ಮೇಲೆ ಕಂದು ಹಸಿರನ್ನು ಬೆನ್ನಿನ ಕಡೆಯಿಂದ ತೆಳುವಾಗಿ ಹೊಡೆದು, ಒಣಗಿಸಿ, ಬಲೆ ಬಿಡಿಸಿದರೆ ಸಾಲು ಸಾಲು ಪೊರೆ. ಮೊದಲ ಸಲ ಹಾಗೆ ಬಂದಾಗ ಅಂಗಡಿಯ ಹುಡುಗನನ್ನು ಕೂಗಿ ತೋರಿಸಿದೆ. ಸೊಳ್ಳೆ ಪರದೆಯ ಕಣ್ಣು ತೀರಾ ಸಣ್ಣ, ಒಂಬತ್ತು ಸೆಂಟಿಮೀಟರ್ ಲೂರಿಗೆ ಅದು ಕಾಣುವುದೇ ಇಲ್ಲ. ಕಪ್ಪು ಚುಕ್ಕೆಯನ್ನು ಬ್ರಷ್ ಹತ್ತಿರ ಹಿಡಿದು, ಗಾಳಿ ಕಡಿಮೆ ಮಾಡಿ, ಕೊನೆಗೆ ಇಡಬೇಕು. ಅಂಟಿಸುವ ಕಣ್ಣು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಈ ಅಳತೆಗೆ 5 ಮಿಲಿಮೀಟರ್ ಸರಿ.

ಮೇಲಿನ ಹೊದಿಕೆಗೆ 30 ನಿಮಿಷದ ಎಪಾಕ್ಸಿ ತೆಗೆದುಕೊಳ್ಳಿ. 5 ನಿಮಿಷದ್ದು ಹಚ್ಚಿ ಮುಗಿಯುವುದರೊಳಗೆ ಗಟ್ಟಿಯಾಗುತ್ತದೆ. ಎರಡೂ ಭಾಗವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಸಮ ಅಳೆಯಿರಿ, ಕೈಗೆ ಗ್ಲೌಸ್ ಇರಲಿ. ಹಚ್ಚಿದ ಲೂರ್ ನಿಧಾನಕ್ಕೆ ತಿರುಗುತ್ತಿರಬೇಕು, ಇಲ್ಲದಿದ್ದರೆ ಹೊಟ್ಟೆಗೆ ಇಳಿದು ಗಡ್ಡೆ ಕಟ್ಟುತ್ತದೆ. ಇದಕ್ಕೆ ಸಾವಿರಾರು ರೂಪಾಯಿಯ ಯಂತ್ರ ಮಾರುತ್ತಾರೆ, ಬೇಡ. ಕೆಟ್ಟ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟಾರ್ ನಿಮಿಷಕ್ಕೆ 5ರಿಂದ 6 ಸುತ್ತು ತಿರುಗುತ್ತದೆ. ಒಂದೊಂದು ಸಲ ಒಂದೊಂದು ದಿಕ್ಕಿಗೆ ಶುರುವಾಗುತ್ತದೆ, ಅದರಿಂದ ತೊಂದರೆ ಇಲ್ಲ. ಆದರೆ ಓವನ್ ಬಿಚ್ಚುವ ಕೆಲಸ ನೀವು ಮಾಡಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಪ್ರಾಣ ತೆಗೆಯುವಷ್ಟು ಕರೆಂಟ್ ಹಿಡಿದಿರಬಹುದು. ಗೊತ್ತಿರುವ ರಿಪೇರಿಯವರ ಹತ್ತಿರ ಮೋಟಾರ್ ಮಾತ್ರ ಕೇಳಿ ತನ್ನಿ, ಮೇನ್ಸ್ ತಂತಿ ಜೋಡಿಸುವುದನ್ನೂ ಅವರಿಗೇ ಬಿಡಿ.

ಈ ಹೊದಿಕೆಯ ಕೆಲಸ ಮಾಡುವಾಗ ಫಿನ್ಲೆಂಡಿನ ಲೌರಿ ರಪಾಲ ಎಂಬ ಮೀನುಗಾರ ನೆನಪಾಗುತ್ತಾರೆ. 1936ರಲ್ಲಿ ಅವರು ಕಾರ್ಕ್ ಕೆತ್ತಿ ಲೂರ್ ಮಾಡಿದರು. ಚಾಕೊಲೇಟಿನ ಬೆಳ್ಳಿ ಹಾಳೆ ಸುತ್ತಿದರು, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಹೊದಿಸಿದರು. ಮನೆಯಲ್ಲಿ ಇದ್ದದ್ದರಿಂದಲೇ ಮಾಡಿದ್ದು. ನನ್ನ ಬಲ್ಬಿನ ಪೆಟ್ಟಿಗೆಯ ಮುಂದೆ ಕೂತಾಗ ಅದು ಧೈರ್ಯ ಕೊಡುತ್ತದೆ.

ಒಂದು ಮಾತು ಮೊದಲೇ ಹೇಳಬೇಕಿತ್ತು. ನೀವು ಬರೀ ಕೊರವ ಮೀನಿಗೆ ಗಾಳ ಹಾಕುವವರಾದರೆ ಈ ಕಿಟ್ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಕಳೆ ತುಂಬಿದ ನೀರಿನಲ್ಲಿ ಕೊರವನಿಗೆ ಮೆತ್ತನೆಯ ಕಪ್ಪೆ ಲೂರೇ ಸರಿ, ಅದರ ಮೇಲೆ ಈ ಬಣ್ಣ ನಿಲ್ಲದೆ ಬಿರಿಯುತ್ತದೆ. ಗಟ್ಟಿ ಲೂರ್ ಬೇಕಾಗುವುದು ಕಳೆ ಇಲ್ಲದ ಅಂಚಿನಲ್ಲಿ. ಹೊದಿಕೆ ತೀರಾ ದಪ್ಪ ಮಾಡಿದರೆ ತೇಲುವ ಲೂರ್ ಸೋಮಾರಿಯಾಗುತ್ತದೆ. ಹಾಗಾಗಿ ಒಂದೇ ಕೋಟ್ ಹಾಕಿ, ಬಕೆಟ್ ನೀರಿನಲ್ಲಿ ತೇಲಿಸಿ ನೋಡಿ.

ಮತ್ತೆ ಕೊಳ್ಳುತ್ತೇನಾ? ಹೌದು, ಇದೇ ಕಿಟ್. ಐದಕ್ಕೆ ಮೂರೂವರೆ ಕೊಡುತ್ತೇನೆ, ಫಿಲ್ಟರ್ ಜೊತೆಗೆ ಇದ್ದಿದ್ದರೆ ನಾಲ್ಕೂವರೆ. ನವೆಂಬರಿನಲ್ಲಿ ಶುರು ಮಾಡಿ. ಮಳೆಗಾಲದಲ್ಲಿ ಶುರು ಮಾಡಿದರೆ ತಪ್ಪು ನಿಮ್ಮ ಕೈಯದೋ ಗಾಳಿಯದೋ ತಿಳಿಯುವುದಿಲ್ಲ. ಒಂದೇ ದಿನ ಹತ್ತು ಲೂರ್ ಹೊಡೆಯಬೇಡಿ. ಒಂದೇ ಮೀನನ್ನು ಐದು ಸಲ ಮಾಡಿ.

ಸಂಕ್ರಾಂತಿ ಕಳೆದ ಭಾನುವಾರ, ಕೆರೆ ಹರಾಜು ಹಿಡಿದವರ ಒಪ್ಪಿಗೆ ಪಡೆದು ಗೆಂಡೆ ಲೂರನ್ನು ಮೊದಲ ಸಲ ಹಾಕಿದೆ. ಕೋಡಿಯ ಹತ್ತಿರ, ಏಳನೇ ಎಸೆತಕ್ಕೆ ಒಂದೂವರೆ ಕೆಜಿಯ ಕೊರವ ಹಿಡಿಯಿತು. ಬಾಯಿಂದ ಬಿಡಿಸಿ ನೋಡಿದರೆ ಹಲ್ಲಿನ ಗೀರು ಎಪಾಕ್ಸಿಯ ಮೇಲೆ ಸಾಲಾಗಿ ಬಿದ್ದಿತ್ತು, ಕೆಳಗಿನ ಕಪ್ಪು ಚುಕ್ಕೆ ಹಾಗೇ ಇತ್ತು. ಕೊಕ್ಕೆ ತಿರುಗಿ ಉಜ್ಜುವ ಹೊಟ್ಟೆಯ ಭಾಗದಲ್ಲಿ ಮಾತ್ರ ಬಿಳಿ ಕಾಣುತ್ತಿದೆ. ಅಲ್ಲಿಗೆ ಎರಡನೇ ಕೋಟ್ ಹಾಕಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಬಲ್ಬ್ ಉರಿಯುತ್ತಿದೆ.