‘ಇಂಜೆನ್ಯುಅಸ್’ ಪದಕ್ಕೆ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟು ಎಷ್ಟು ಆಗಿಬರುತ್ತದೆ?

ನಿಘಂಟಿನ ಕಸುವು ತಿಳಿಯಬೇಕಾದರೆ ಸುಲಭದ ಪದ ಹುಡುಕಿ ಪ್ರಯೋಜನವಿಲ್ಲ. ಇಂಗ್ಲಿಷಿನ ‘ಇಂಜೆನ್ಯುಅಸ್’ (ingenuous) ಹಾಕಿ ನೋಡಬೇಕು.

ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ಆಕ್ಸ್‌ಫರ್ಡ್ ಲರ್ನರ್ಸ್ ಜಾಲತಾಣದಲ್ಲಿ ಪದ ಹುಡುಕಲು ಕಾಸು ಕೊಡಬೇಕಿಲ್ಲ. ಪದದ ಕೆಳಗೆ ಎರಡು ಧ್ವನಿಗುಂಡಿಗಳಿವೆ: ನೀಲಿ ಬ್ರಿಟಿಷ್, ಕೆಂಪು ಅಮೆರಿಕನ್. ‘ಇಂಜೀನಿಯಸ್’ (ingenious) ಪದಕ್ಕೂ ಇದಕ್ಕೂ ಕಾಗುಣಿತದಲ್ಲಿ ಬೇರೆಯಾಗುವುದು ಆರನೇ ಅಕ್ಷರವೊಂದೇ, ಅಲ್ಲಿ ಐ, ಇಲ್ಲಿ ಯು. ಅದು ಜಾಣ್ಮೆಯ ಮಾತು, ಇದು ಕಪಟವಿಲ್ಲದ ಮನಸ್ಸಿನ ಮಾತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ‘ಜೆ’ ಹ್ರಸ್ವ, ‘ಜೀ’ ದೀರ್ಘ ಎಂಬುದು ಕಿವಿಯಲ್ಲೇ ನಿಲ್ಲುತ್ತದೆ.

ಅರ್ಥಕ್ಕಿಂತ ಬೆಲೆಬಾಳುವುದು ಅದರ ಹಿಂದಿರುವ ಪುಟ್ಟ ಸೂಚನೆ: ಔಪಚಾರಿಕ ಪದ, ಕೆಲವೊಮ್ಮೆ ಆಕ್ಷೇಪದ ದನಿ. ಅನುವಾದಕರು ಎಡವುವುದು ಇಲ್ಲೇ. ಎಲ್ಲಾ ಕಡೆ ‘ಮುಗ್ಧ’ ಎಂದು ಹಾಕಿಬಿಡುತ್ತಾರೆ. ನಗುವನ್ನು ಬಣ್ಣಿಸುವಾಗ ಅದು ಒಪ್ಪುತ್ತದೆ. ‘ಇದರಲ್ಲಿ ದುಡ್ಡಿನ ಕೈವಾಡ ಇಲ್ಲವೆಂದು ನಂಬುವುದು ಇಂಜೆನ್ಯುಅಸ್’ ಎಂಬಂಥ ಕಡೆ ಒಪ್ಪದು; ಅಲ್ಲಿ ‘ಪೆದ್ದುತನ’ ಎಂದೇ ಬರೆಯಬೇಕು.

ಸಮಾನಪದವಾಗಿ ‘ನಯೀವ್’ (naive) ಕೊಟ್ಟಿರುವುದು ಮಾತ್ರ ಅರೆಬರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಹೊಗಳುತ್ತಾರೆ. ಹುಡುಗಿ ‘ನಾನು ಮಾಡಿದ್ದಲ್ಲ, ಅತ್ತಿಗೆ ಮಾಡಿದ್ದು’ ಅನ್ನುತ್ತಾಳೆ. ಆ ಉತ್ತರ ಇಂಜೆನ್ಯುಅಸ್. ಅವಳು ಪೆದ್ದಿಯಲ್ಲ, ಮುಚ್ಚಿಡಬೇಕೆಂದು ತೋಚಲಿಲ್ಲ, ಅಷ್ಟೆ. ‘ನಯೀವ್’ನಲ್ಲಿ ಲೋಕಜ್ಞಾನದ ಕೊರತೆ ಮುಂದು, ಇದರಲ್ಲಿ ಮನಸ್ಸು ಬಿಚ್ಚಿ ಆಡುವುದು ಮುಂದು.

ಪುಟದ ಕೊನೆಯ ಪದಮೂಲವನ್ನು ಬಿಡಬೇಡಿ. ಲ್ಯಾಟಿನ್‌ನ ‘ಇಂಜೆನ್ಯುಉಸ್’ ಎಂದರೆ ಹುಟ್ಟಿನಿಂದ ಬಂದದ್ದು. ಅಲ್ಲಿಂದ ಕುಲೀನ, ಆಮೇಲೆ ನೇರನುಡಿಯ, ಕೊನೆಗೆ ಇಂದಿನ ಅರ್ಥ. ಇದೇ ಬೇರಿನ ಫ್ರೆಂಚ್ ‘ಆಂಜೆನ್ಯೂ’ ರಂಗಭೂಮಿಯ ಎಳೆಯ, ಕಪಟವರಿಯದ ನಾಯಕಿ. ನಮ್ಮ ಅಲಂಕಾರಶಾಸ್ತ್ರ ಹೇಳುವ ಮೂರು ಬಗೆಯ ನಾಯಕಿಯರಾದ ಮುಗ್ಧೆ, ಮಧ್ಯೆ, ಪ್ರಗಲ್ಭೆಯರಲ್ಲಿ ಮೊದಲನೆಯವಳನ್ನು ನೆನೆದರೆ ಪದ ಮರೆಯುವುದಿಲ್ಲ.

ನಾಮಪದ ಬೇಕಾದಾಗ ‘ಇಂಜೆನ್ಯೂಯಿಟಿ’ ಬರೆಯಬೇಡಿ, ಅದು ಈಗ ಜಾಣ್ಮೆಯ ಪಾಲಾಗಿದೆ, ‘ಇಂಜೆನ್ಯುಅಸ್‌ನೆಸ್’ ಬರೆಯಿರಿ. ‘ಡಿಸ್‌ಇಂಜೆನ್ಯುಅಸ್’ ಪುಟವನ್ನೂ ತೆರೆಯಿರಿ, ಪತ್ರಿಕೆಗಳಲ್ಲಿ ಹೆಚ್ಚು ಎದುರಾಗುವುದು ಅದೇ: ಗೊತ್ತಿದ್ದೂ ಗೊತ್ತಿಲ್ಲದವರಂತೆ ಆಡುವುದು. ಕನ್ನಡ ಅರ್ಥ ಈ ತಾಣದಲ್ಲಿಲ್ಲ. ಪಕ್ಕದಲ್ಲಿ ಇಂಗ್ಲಿಷ್–ಕನ್ನಡ ನಿಘಂಟು ಇರಲೇಬೇಕು. ಈ ತಾಣಕ್ಕೆ ನನ್ನ ಅಂಕ ಐದಕ್ಕೆ ನಾಲ್ಕು.